ಧರ್ಮಾಸ್ಪತ್ರೆ, ದುಡ್ಡಿನ ಆಸ್ಪತ್ರೆ, ಹಕ್ಕಿನ ಆಸ್ಪತ್ರೆ

2018ರಲ್ಲಿ ನನ್ನ ಮಗಳು ಹುಟ್ಟಿದ್ದು ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ಕಾರ್ಡಿಫ್ ನಗರದಲ್ಲಿ. ಕಂಪನಿಯ ಪ್ರಾಜೆಕ್ಟ್ ಕೆಲಸದ ಮೇಲೆ ಎರಡು ವರ್ಷ ಅಲ್ಲಿದ್ದೆವು. ಹೆರಿಗೆ ಸಲೀಸಾಗಿ ಆಗಲಿಲ್ಲ. ರಾತ್ರಿ ಎರಡು ಗಂಟೆಗೆ ಮಗುವಿನ ಎದೆಬಡಿತ ಇಳಿಯಿತೆಂದು ತುರ್ತಾಗಿ ಸಿಸೇರಿಯನ್ ಮಾಡಿದರು. ಮೂರನೇ ದಿನ ಮನೆಗೆ ಹೊರಟಾಗ ನನ್ನ ಗಂಡ ಕಾರ್ಡ್ ಕೈಯಲ್ಲಿ ಹಿಡಿದು ಬಿಲ್ ಕಟ್ಟುವ ಕೌಂಟರ್ ಎಲ್ಲಿದೆ ಎಂದು ವಾರ್ಡಿನ ನರ್ಸನ್ನು ಕೇಳಿದರು. ಆಕೆಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅಂಥ ಕೌಂಟರ್ ಅಲ್ಲಿರಲಿಲ್ಲ.

ಸಂಜೆ ತಿಪಟೂರಿನಲ್ಲಿದ್ದ ನಮ್ಮಜ್ಜಿಗೆ ವಿಡಿಯೋ ಕಾಲ್ ಮಾಡಿದೆ. ಮರಿಮಗಳನ್ನು ಕಣ್ತುಂಬ ನೋಡಿದ ಮೇಲೆ ಅಜ್ಜಿ ಕೇಳಿದ್ದು, "ಎಷ್ಟಾಯ್ತೇ ಖರ್ಚು?"

"ಏನೂ ಇಲ್ಲ ಅಜ್ಜಿ, ಒಂದು ರೂಪಾಯೀನೂ ಕೇಳಲಿಲ್ಲ."

ಅಜ್ಜಿಯ ಮುಖ ಸಪ್ಪಗಾಯಿತು. "ಅಯ್ಯೋ, ಅಷ್ಟು ಓದಿ ಆ ದೇಶಕ್ಕೆ ಹೋಗಿ ಧರ್ಮಾಸ್ಪತ್ರೆಗೆ ಸೇರಿದ್ಯಾ?"

ಆಗ ನಕ್ಕುಬಿಟ್ಟೆ. ಆದರೆ ಆ ಮಾತು ಮನಸ್ಸಿನಲ್ಲೇ ಉಳಿಯಿತು. ಅಜ್ಜಿಯ ಕಾಲದವರಿಗೆ ದುಡ್ಡು ಕೊಡದೆ ಚಿಕಿತ್ಸೆ ಸಿಗುವುದೆಂದರೆ ಯಾರೋ ಧರ್ಮಕ್ಕೆ ಕೊಟ್ಟದ್ದು. ಧರ್ಮಕ್ಕೆ ಸಿಕ್ಕಿದ್ದನ್ನು ತಲೆತಗ್ಗಿಸಿ ತೆಗೆದುಕೊಳ್ಳಬೇಕು, ಹೆಚ್ಚು ಕಡಿಮೆಯಾದರೆ ಕೇಳುವಂತಿಲ್ಲ. ಹಾಗಾದರೆ ನನಗೆ ಕಾರ್ಡಿಫ್‌ನಲ್ಲಿ ಸಿಕ್ಕಿದ್ದು ಏನು? ಧರ್ಮವೋ, ಮತ್ತೇನೋ? ನಾನು ಚರಿತ್ರೆ ಓದಿದವಳಲ್ಲ. ಎಂಟೆಕ್ ಮಾಡಿ ಸಾಫ್ಟ್‌ವೇರ್ ಬರೆಯುವವಳು. ಆದರೂ ಈ ಒಂದು ಪ್ರಶ್ನೆ ಹಿಡಿದು ಹೊರಟವಳು ಬಹಳ ದೂರ ಹೋದೆ. ಅಲ್ಲಿ ಕಂಡದ್ದನ್ನು ನಮ್ಮ ಸಂಘದ ಗೆಳತಿಯರೊಂದಿಗೆ ಹಂಚಿಕೊಳ್ಳಬೇಕೆನಿಸಿತು.

ಗಣಿಯ ಊರಿನ ವಂತಿಗೆ

ಕಾರ್ಡಿಫ್‌ನ ಕ್ವೀನ್ ಸ್ಟ್ರೀಟ್‌ನಲ್ಲಿ ಒಂದು ಪ್ರತಿಮೆಯಿದೆ. ದಿನಾ ಆಫೀಸಿಗೆ ಹೋಗುವಾಗ ನೋಡುತ್ತಿದ್ದೆ, ಯಾರೆಂದು ಕೇಳಿರಲಿಲ್ಲ. ಅದು ಅನ್ಯೂರಿನ್ ಬೆವನ್ ಅವರದು. ಹುಟ್ಟಿದ್ದು 1897ರಲ್ಲಿ, ಕಾರ್ಡಿಫ್‌ನಿಂದ ಉತ್ತರಕ್ಕೆ ಬಸ್ಸಿನಲ್ಲಿ ಹೋಗಿಬರಬಹುದಾದ ಟ್ರೆಡೆಗರ್ ಎಂಬ ಕಲ್ಲಿದ್ದಲು ಗಣಿಯ ಊರಿನಲ್ಲಿ. ಹದಿಮೂರನೇ ವಯಸ್ಸಿಗೆ ಗಣಿಗಿಳಿದ ಹುಡುಗ. ಅವರ ತಂದೆಯೂ ಗಣಿ ಕಾರ್ಮಿಕರೇ. ಕಲ್ಲಿದ್ದಲ ಧೂಳು ಶ್ವಾಸಕೋಶದಲ್ಲಿ ತುಂಬಿಕೊಂಡು 1925ರಲ್ಲಿ ತೀರಿಕೊಂಡರು.

ಆ ಊರಿನಲ್ಲಿ 1890ರಲ್ಲೇ ಒಂದು ಸಂಘ ಹುಟ್ಟಿತ್ತು, ಟ್ರೆಡೆಗರ್ ಮೆಡಿಕಲ್ ಏಡ್ ಸೊಸೈಟಿ. ಗಣಿ ಮತ್ತು ಕಬ್ಬಿಣದ ಕಾರ್ಖಾನೆಯ ಕೆಲಸಗಾರರು ಕೂಲಿಯಲ್ಲಿ ಸ್ವಲ್ಪ ಸ್ವಲ್ಪ ಅದಕ್ಕೆ ಕಟ್ಟುತ್ತಿದ್ದರು. ನಮ್ಮ ಕಡೆ ಊರಹಬ್ಬಕ್ಕೆ ಮನೆಮನೆಯಿಂದ ವಂತಿಗೆ ಎತ್ತುವುದಿಲ್ಲವೇ, ಹಾಗೆ. ಆ ದುಡ್ಡಿನಲ್ಲಿ ಸಂಘವೇ ಡಾಕ್ಟರರನ್ನು ಸಂಬಳಕ್ಕೆ ಇಟ್ಟುಕೊಂಡಿತು. ಕಾಯಿಲೆ ಬಿದ್ದವನು ಡಾಕ್ಟರಿಗೆ ಫೀಸು ಕೊಡಬೇಕಿರಲಿಲ್ಲ. ಅವನ ಹೆಂಡತಿ ಮಕ್ಕಳಿಗೂ ಚಿಕಿತ್ಸೆ ಸಿಗುತ್ತಿತ್ತು. ಕ್ರಮೇಣ ಊರಿನ ಬಹುಪಾಲು ಜನ ಇದರೊಳಗೆ ಬಂದರು. 'ದಿ ಸಿಟಾಡೆಲ್' ಕಾದಂಬರಿ ಬರೆದ ಎ.ಜೆ. ಕ್ರೋನಿನ್ 1920ರ ದಶಕದಲ್ಲಿ ಇದೇ ಊರಿನಲ್ಲಿ ಡಾಕ್ಟರಾಗಿದ್ದರು.

ಹೆಂಡತಿ ಮಕ್ಕಳಿಗೂ ಸಿಗುತ್ತಿತ್ತು ಎಂಬುದನ್ನು ಗಮನಿಸಿ. ಬ್ರಿಟನ್ನಿನ ಉಳಿದ ಕಡೆ ಹಾಗಿರಲಿಲ್ಲ. 1911ರಲ್ಲಿ ಬಂದ ರಾಷ್ಟ್ರೀಯ ವಿಮಾ ಕಾಯ್ದೆ ದುಡಿಯುವವನಿಗೆ ಮಾತ್ರ ಡಾಕ್ಟರನ್ನು ಕೊಟ್ಟಿತು. ಮನೆಯಲ್ಲಿ ಅಡುಗೆ ಮಾಡಿ, ಬಟ್ಟೆ ಒಗೆದು, ಆರೇಳು ಮಕ್ಕಳನ್ನು ಹೆತ್ತವಳು ಆ ಲೆಕ್ಕದಲ್ಲಿ ದುಡಿಯುವವಳಲ್ಲ. ಗಂಡನ ವಿಮೆಯಿಂದ ಹೆರಿಗೆಗೆಂದು ಒಂದು ಸಲಕ್ಕೆ 30 ಶಿಲಿಂಗ್ ಬರುತ್ತಿತ್ತು, ಅಷ್ಟೇ. ಅವಳಿಗೆ ಜ್ವರ ಬಂದರೆ, ಗರ್ಭಕೋಶ ಜಾರಿದರೆ, ಹಲ್ಲು ಕೊಳೆತರೆ ಫೀಸು ಕೊಡಬೇಕು. ಮನೆಯ ದುಡ್ಡು ಮೊದಲು ಗಂಡನ ಊಟಕ್ಕೆ, ಆಮೇಲೆ ಮಕ್ಕಳಿಗೆ. ಅವಳ ಕಾಯಿಲೆಯ ಸರದಿ ಕೊನೆಗೆ. 1939ರಲ್ಲಿ ಮಾರ್ಜರಿ ಸ್ಪ್ರಿಂಗ್ ರೈಸ್ ಎಂಬ ಮಹಿಳೆ ಬ್ರಿಟನ್ನಿನ 1,250 ಬಡ ಗೃಹಿಣಿಯರ ಆರೋಗ್ಯದ ಸ್ಥಿತಿಯನ್ನು ಒಂದು ಪುಸ್ತಕವಾಗಿ ತಂದರು. ರಕ್ತಹೀನತೆ, ತಲೆನೋವು, ಬೆನ್ನುನೋವುಗಳನ್ನು 'ಇದು ಇರುವುದೇ ಹೀಗೆ' ಎಂದು ನುಂಗಿಕೊಂಡ ಹೆಂಗಸರ ಕತೆ ಅದು. ಓದಿದರೆ ನಮ್ಮ ಅಜ್ಜಿಯರ, ಅತ್ತೆಯರ ಮುಖ ಕಾಣುತ್ತದೆ.

ಎರಡನೇ ಮಹಾಯುದ್ಧ ಮುಗಿದ 1945ರಲ್ಲಿ ಬೆವನ್ ಬ್ರಿಟನ್ನಿನ ಆರೋಗ್ಯ ಮಂತ್ರಿಯಾದರು. ದೇಶ ಸಾಲದಲ್ಲಿ ಮುಳುಗಿತ್ತು, ಅಡುಗೆ ಎಣ್ಣೆಗೂ ಮಾಂಸಕ್ಕೂ ರೇಷನ್ ಇತ್ತು. ಡಾಕ್ಟರುಗಳ ಸಂಘ ಬಲವಾಗಿ ವಿರೋಧಿಸಿತು. 1948ರ ಫೆಬ್ರುವರಿಯಲ್ಲಿ ನಡೆದ ಅವರ ಮತದಾನದಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಜನ ಬೇಡವೆಂದರು. ಬೆವನ್ ಕೆಲವು ಕಡೆ ಬಗ್ಗಿದರು. ದೊಡ್ಡ ತಜ್ಞರು ಸರ್ಕಾರಿ ಕೆಲಸದ ಜೊತೆಗೆ ಖಾಸಗಿ ರೋಗಿಗಳನ್ನೂ ನೋಡಿಕೊಳ್ಳಬಹುದು ಎಂದು ಒಪ್ಪಿದರು. ಆದರೆ ಮೂಲ ಮಾತನ್ನು ಬಿಡಲಿಲ್ಲ. 1948ರ ಜುಲೈ 5ರಂದು ನ್ಯಾಷನಲ್ ಹೆಲ್ತ್ ಸರ್ವಿಸ್, ಅಂದರೆ ಎನ್‌ಎಚ್‌ಎಸ್, ಶುರುವಾಯಿತು. ತಾನು ಮಾಡುತ್ತಿರುವುದು ಟ್ರೆಡೆಗರ್‌ನಲ್ಲಿದ್ದ ಸೌಲಭ್ಯವನ್ನು ಇಡೀ ದೇಶಕ್ಕೆ ಹರಡುವುದು ಮಾತ್ರ ಎಂಬುದು ಬೆವನ್ ಅವರ ವಿವರಣೆ.

ಅಂದು ಮಧ್ಯರಾತ್ರಿ ಕಳೆದು ಒಂದು ನಿಮಿಷಕ್ಕೆ ವೇಲ್ಸ್‌ನ ಅಮ್ಮನ್ ವ್ಯಾಲಿ ಆಸ್ಪತ್ರೆಯಲ್ಲಿ ಒಂದು ಹೆಣ್ಣುಮಗು ಹುಟ್ಟಿತು. ಇನ್ನು ಸ್ವಲ್ಪ ಹೊತ್ತು ತಡೆದುಕೋ ಎಂದು ತಾಯಿಗೆ ಹೇಳುತ್ತಾ ಸುತ್ತಲಿನವರು ಗಡಿಯಾರ ನೋಡುತ್ತಿದ್ದರಂತೆ. ಹನ್ನೆರಡರ ಮೊದಲು ಹುಟ್ಟಿದ್ದರೆ ಫೀಸು ಕಟ್ಟಬೇಕಿತ್ತು! ಬೆವನ್ ಅವರ ಹೆಸರನ್ನೇ ಹೆಣ್ಣಿನ ಹೆಸರಾಗಿಸಿ ಮಗುವಿಗೆ ಅನೈರಾ ಎಂದು ಕರೆದರು. ಅನೈರಾ ಥಾಮಸ್ ಮುಂದೆ ಎನ್‌ಎಚ್‌ಎಸ್‌ನಲ್ಲೇ ನರ್ಸ್ ಆದರು.

ನನ್ನ ಅಜ್ಜಿಯ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಆಗ ಮನೆಮನೆಗೆ ಹಂಚಿದ್ದ ಒಂದು ಸರ್ಕಾರಿ ಕರಪತ್ರದಲ್ಲಿ. ಬಡವರು, ಶ್ರೀಮಂತರು, ಗಂಡಸು, ಹೆಂಗಸು, ಮಕ್ಕಳು ಎಲ್ಲರೂ ಇದನ್ನು ಬಳಸಬಹುದು ಎಂದು ಹೇಳಿದ ಮೇಲೆ ಅದರಲ್ಲಿ ಇನ್ನೊಂದು ಮಾತಿದೆ: ಇದು ದಾನವಲ್ಲ, ತೆರಿಗೆಯ ಮೂಲಕ ನೀವೆಲ್ಲರೂ ಇದಕ್ಕೆ ಹಣ ಕೊಡುತ್ತಿದ್ದೀರಿ. ನಾನೂ ಕೊಟ್ಟಿದ್ದೆ. ಸಂಬಳದಲ್ಲಿ ತೆರಿಗೆ ಕಟ್ಟಿದ್ದೆ; ವೀಸಾ ಜೊತೆಗೆ ತಲೆಗೆ ವರ್ಷಕ್ಕೆ 200 ಪೌಂಡಿನಂತೆ ಆರೋಗ್ಯ ಸರ್ಚಾರ್ಜ್ ಕೂಡ ಕಟ್ಟಿದ್ದೆವು. ಹಾಗಾಗಿ ಅದು ಧರ್ಮಾಸ್ಪತ್ರೆಯಾಗಿರಲಿಲ್ಲ. ವಂತಿಗೆ ಮೊದಲೇ ಸಂದಾಯವಾಗಿದ್ದ, ಎಲ್ಲರ ಹಕ್ಕಿನ ಆಸ್ಪತ್ರೆಯಾಗಿತ್ತು.

ಅಲ್ಲಿ ಎಲ್ಲವೂ ಚೆನ್ನಾಗಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಶುರುವಾದ ಮೂರೇ ವರ್ಷಕ್ಕೆ ಕನ್ನಡಕಕ್ಕೂ ಹಲ್ಲಿನ ಸೆಟ್ಟಿಗೂ ದುಡ್ಡು ಕೇಳಲು ಸರ್ಕಾರ ತೀರ್ಮಾನಿಸಿದಾಗ ಬೆವನ್ ಮಂತ್ರಿಗಿರಿಯನ್ನೇ ಬಿಟ್ಟರು. ಇಂದು ಅಲ್ಲಿ ದೊಡ್ಡ ದೂರು ಕಾಯುವಿಕೆಯದು. ನನ್ನ ಗಂಡನ ಮಂಡಿನೋವಿಗೆ ತಜ್ಞರ ಅಪಾಯಿಂಟ್‌ಮೆಂಟ್ ಸಿಗುವ ಹೊತ್ತಿಗೆ ನಾವು ಪುಣೆಗೆ ಟಿಕೆಟ್ ತೆಗೆದಾಗಿತ್ತು. ದುಡ್ಡಿದ್ದವರು ಅಲ್ಲೂ ಖಾಸಗಿಗೆ ಹೋಗಿ ಬೇಗ ತೋರಿಸಿಕೊಳ್ಳುತ್ತಾರೆ. ಆದರೆ ಪ್ರಾಣಕ್ಕೆ ಕುತ್ತು ಬಂದ ರಾತ್ರಿಯಲ್ಲಿ ಯಾರೂ ಡೆಪಾಸಿಟ್ ಕೇಳುವುದಿಲ್ಲ.

ನಮ್ಮಲ್ಲೂ ಒಂದು ವರದಿ ಇತ್ತು

ಬ್ರಿಟನ್ ಈ ಕನಸು ಕಾಣುತ್ತಿದ್ದ ಅದೇ ವರ್ಷಗಳಲ್ಲಿ ನಮ್ಮ ದೇಶದಲ್ಲೂ ಅದೇ ಕನಸು ಕಾಗದದ ಮೇಲೆ ಬಂದಿತ್ತು ಎಂದು ತಿಳಿದಾಗ ನನಗೆ ಆಶ್ಚರ್ಯವಾಯಿತು. 1943ರಲ್ಲಿ ಸರ್ ಜೋಸೆಫ್ ಭೋರ್ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ಸಮಿತಿ 1946ರಲ್ಲಿ ವರದಿ ಕೊಟ್ಟಿತು. ಆ ವರದಿಯ ಅಂಕಿಗಳನ್ನು ಓದುವಾಗ ಕೈ ನಡುಗುತ್ತದೆ. ಹುಟ್ಟಿದ ಸಾವಿರ ಮಕ್ಕಳಲ್ಲಿ 162 ಮಕ್ಕಳು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. ಇಂಗ್ಲೆಂಡಿನಲ್ಲಿ ಆ ಸಂಖ್ಯೆ 58. ಸರಾಸರಿ ಆಯುಸ್ಸು 27 ವರ್ಷ. ಹೆರಿಗೆಯ ಕಾರಣದಿಂದ ವರ್ಷಕ್ಕೆ ಸುಮಾರು 2 ಲಕ್ಷ ತಾಯಂದಿರ ಸಾವು. 6,000 ಜನಕ್ಕೆ ಒಬ್ಬ ಡಾಕ್ಟರ್, 43,000 ಜನಕ್ಕೆ ಒಬ್ಬ ನರ್ಸ್. ಬ್ರಿಟನ್ನಿನಲ್ಲಿ 300 ಜನಕ್ಕೆ ಒಬ್ಬ ನರ್ಸ್ ಇದ್ದಳು.

ದುಡ್ಡಿಲ್ಲ ಎಂಬ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದು ಎಂಬುದು ಭೋರ್ ಸಮಿತಿ ಹಾಕಿಕೊಂಡ ಮೊದಲ ಸೂತ್ರ. ಹಳ್ಳಿಗಳನ್ನೇ ನಡುವೆ ಇಟ್ಟುಕೊಂಡು ಯೋಜನೆ ಮಾಡಿತು. ಮೊದಲ ಹಂತದಲ್ಲಿ 40,000 ಜನಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರ. ಮೂವತ್ತು ನಲವತ್ತು ವರ್ಷಗಳಲ್ಲಿ 10ರಿಂದ 20 ಸಾವಿರ ಜನಕ್ಕೆ 75 ಹಾಸಿಗೆಯ ಒಂದು ಆಸ್ಪತ್ರೆ. ಆ ಲೆಕ್ಕದಲ್ಲಿ ನಮ್ಮ ತಿಪಟೂರು ತಾಲ್ಲೂಕಿನಲ್ಲಿ ಅಂಥ ಹತ್ತಾರು ಆಸ್ಪತ್ರೆಗಳು ಇರಬೇಕಿತ್ತು.

ಆಮೇಲೆ ಏನಾಯಿತು? ಸ್ವಾತಂತ್ರ್ಯದ ಜೊತೆಗೆ ದೇಶವಿಭಜನೆ ಬಂತು, ನಿರಾಶ್ರಿತರು ಬಂದರು, ಊಟದ ಧಾನ್ಯಕ್ಕೇ ಕೊರತೆಯಿತ್ತು. ಜನರ ಆರೋಗ್ಯ ಸುಧಾರಿಸುವುದು ಸರ್ಕಾರದ ಕರ್ತವ್ಯವೆಂದು ಸಂವಿಧಾನದ 47ನೇ ವಿಧಿ ಹೇಳಿತು. ಆದರೆ ಅದು ನಿರ್ದೇಶಕ ತತ್ವ. ಸರ್ಕಾರ ಪಾಲಿಸಲಿಲ್ಲವೆಂದು ನೇರವಾಗಿ ಕೋರ್ಟಿಗೆ ಹೋಗುವಂತಿಲ್ಲ. 1952ರಿಂದ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಬಂದವು, ಆದರೆ ವರದಿ ಕೇಳಿದಷ್ಟು ದುಡ್ಡೂ ಬರಲಿಲ್ಲ, ಸಿಬ್ಬಂದಿಯೂ ಬರಲಿಲ್ಲ. ಬ್ರಿಟನ್ನಿನ ಎನ್‌ಎಚ್‌ಎಸ್ ಹುಟ್ಟಿದ 1948ರಲ್ಲೇ ನಮ್ಮಲ್ಲಿ ಇಎಸ್‌ಐ ಕಾಯ್ದೆ ಬಂತು, ಕಾರ್ಖಾನೆ ಕೆಲಸಗಾರರಿಗೆ. 1954ರಲ್ಲಿ ಕೇಂದ್ರ ಸರ್ಕಾರಿ ನೌಕರರಿಗೆ ಸಿಜಿಎಚ್‌ಎಸ್ ಬಂತು. ಎರಡೂ ಒಳ್ಳೆಯವೇ. ಆದರೆ ಬ್ರಿಟನ್ 1911ರಲ್ಲಿ ಮಾಡಿದ ತಪ್ಪನ್ನೇ ನಾವೂ ಮಾಡಿದೆವು. ಸಂಬಳದ ಚೀಟಿ ಇದ್ದವರು ಒಳಗೆ; ಹೊಲದಲ್ಲಿ, ಇಟ್ಟಿಗೆ ಗೂಡಿನಲ್ಲಿ, ಮನೆಗೆಲಸದಲ್ಲಿ ದುಡಿಯುವವರು ಹೊರಗೆ. ಹೊರಗುಳಿದವರಲ್ಲಿ ಹೆಂಗಸರೇ ಹೆಚ್ಚು. ಈ ಖಾಲಿ ಜಾಗದಲ್ಲಿ ಖಾಸಗಿ ನರ್ಸಿಂಗ್ ಹೋಮುಗಳು ಬೆಳೆದವು, ಆಮೇಲೆ ಕಾರ್ಪೊರೇಟ್ ಆಸ್ಪತ್ರೆಗಳು ಬಂದವು. ಸರ್ಕಾರಿ ಆಸ್ಪತ್ರೆಗೆ 'ಧರ್ಮಾಸ್ಪತ್ರೆ' ಎಂಬ ಹೆಸರು ಅಂಟಿಯೇ ಉಳಿಯಿತು. ಅನುಕೂಲಸ್ಥರು ಅಲ್ಲಿಗೆ ಹೋಗುವುದನ್ನು ಬಿಟ್ಟರು. ಅವರು ಬಿಟ್ಟ ಮೇಲೆ ಅಲ್ಲಿಯ ಕೊರತೆಗಳನ್ನು ಗಟ್ಟಿಯಾಗಿ ಕೇಳುವವರೂ ಕಡಿಮೆಯಾದರು.

ಕೆಲಸ ಹೋದರೆ ಆಸ್ಪತ್ರೆಯೂ ಹೋಯಿತು

ಮೂರನೆಯ ದಾರಿ ಅಮೆರಿಕದ್ದು. 1929ರಲ್ಲಿ ಡಲ್ಲಾಸ್ ನಗರದ ಬೇಲರ್ ಆಸ್ಪತ್ರೆ ಅಲ್ಲಿಯ ಶಾಲಾ ಶಿಕ್ಷಕರಿಗೆ ಒಂದು ಯೋಜನೆ ಮಾಡಿತು. ತಿಂಗಳಿಗೆ 50 ಸೆಂಟ್ ಕಟ್ಟಿದರೆ ವರ್ಷಕ್ಕೆ 21 ದಿನ ಆಸ್ಪತ್ರೆ ವಾಸ. ಇದೂ ಟ್ರೆಡೆಗರ್‌ನಂಥ ವಂತಿಗೆಯೇ. ಆದರೆ ಇದು ಬೆಳೆದದ್ದು ಬೇರೆ ದಿಕ್ಕಿನಲ್ಲಿ. ಯುದ್ಧಕಾಲದ 1942ರಲ್ಲಿ ಅಮೆರಿಕ ಸರ್ಕಾರ ಸಂಬಳ ಏರಿಸದಂತೆ ಕಡಿವಾಣ ಹಾಕಿತು. ಸಂಬಳ ಏರಿಸುವಂತಿಲ್ಲವಾದ್ದರಿಂದ ಕಂಪನಿಗಳು ಕೆಲಸಗಾರರನ್ನು ಸೆಳೆಯಲು ಆರೋಗ್ಯ ವಿಮೆ ಕೊಡತೊಡಗಿದವು. ಅದಕ್ಕೆ ತೆರಿಗೆ ವಿನಾಯಿತಿಯೂ ಸಿಕ್ಕಿತು. ಎಲ್ಲರಿಗೂ ವಿಮೆ ಬೇಕೆಂದು 1945ರಲ್ಲಿ ಅಧ್ಯಕ್ಷ ಟ್ರೂಮನ್ ಮುಂದಿಟ್ಟ ಯೋಜನೆ ಬಿದ್ದುಹೋಯಿತು. 1965ರಲ್ಲಿ ವೃದ್ಧರಿಗೆ ಮೆಡಿಕೇರ್, ಬಡವರಿಗೆ ಮೆಡಿಕೇಡ್ ಬಂದವು. ಉಳಿದ ಬಹುಪಾಲು ಜನರ ಆರೋಗ್ಯ ನೌಕರಿಗೆ ಗಂಟುಬಿದ್ದೇ ಉಳಿಯಿತು.

ಆ ಗಂಟು ಹೇಗಿರುತ್ತದೆಂದು ನಾನು ಪುಣೆಯಲ್ಲೇ ಕಂಡೆ. ನಮ್ಮ ಐಟಿ ಕಂಪನಿಗಳ ಗ್ರೂಪ್ ಪಾಲಿಸಿ ಇದೇ ಅಮೆರಿಕದ ಮಾದರಿಯದು. 2022ರಲ್ಲಿ ಅಪ್ಪನಿಗೆ ಬೈಪಾಸ್ ಆಯಿತು. ಬಿಲ್ ಎಷ್ಟಾಯಿತೆಂದು ನಾನು ಸರಿಯಾಗಿ ನೋಡಲೂ ಇಲ್ಲ, ಎಲ್ಲಾ ಕ್ಯಾಶ್‌ಲೆಸ್. 2023ರಲ್ಲಿ ನಮ್ಮ ಇಡೀ ಟೀಮನ್ನು ಮನೆಗೆ ಕಳಿಸಿದರು. ಕೆಲಸದ ಕೊನೆಯ ದಿನವೇ ಪಾಲಿಸಿಯ ಕೊನೆಯ ದಿನವೂ ಆಗಿತ್ತು. ಹೊಸದಾಗಿ ಪಾಲಿಸಿ ಕೇಳಿದರೆ, ಮೊದಲೇ ಇರುವ ಹೃದ್ರೋಗಕ್ಕೆ ನಾಲ್ಕು ವರ್ಷ ಕಾಯಬೇಕು ಎಂದರು. ಮುಂದಿನ ಐದು ತಿಂಗಳು, ನನಗೆ ಬೇರೆ ಕೆಲಸ ಸಿಗುವವರೆಗೆ, ಅಪ್ಪ ಎದೆ ಮೇಲೆ ಕೈ ಇಟ್ಟುಕೊಂಡರೆ ಸಾಕು, ನನ್ನ ಎದೆ ಡವಗುಟ್ಟುತ್ತಿತ್ತು. ಗೆಳತಿಯರೇ, ಕಂಪನಿ ಬಿಡುವ ಮೊದಲೇ ಅದೇ ವಿಮಾ ಸಂಸ್ಥೆಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳಲು ಅರ್ಜಿ ಹಾಕುವ ಅವಕಾಶವಿದೆ. ನನಗೆ ಗೊತ್ತಾದದ್ದು ತಡವಾಗಿ. ನಿಮಗಾದರೂ ಗೊತ್ತಿರಲಿ.

ಶ್ರೀಮಂತ ದೇಶಗಳಿಗೆ ಮಾತ್ರವೇ?

ಎಲ್ಲರಿಗೂ ಚಿಕಿತ್ಸೆ ಕೊಡುವುದು ಶ್ರೀಮಂತ ದೇಶಗಳಿಗೆ ಮಾತ್ರ ಸಾಧ್ಯ ಎಂದು ನಾನೂ ನಂಬಿದ್ದೆ. ಥಾಯ್ಲೆಂಡ್ ಆ ನಂಬಿಕೆಯನ್ನು ಅಲುಗಾಡಿಸಿತು. 1997ರಲ್ಲಿ ಅಲ್ಲಿ ದೊಡ್ಡ ಆರ್ಥಿಕ ಕುಸಿತವಾಯಿತು. ಅದಾಗಿ ಐದೇ ವರ್ಷಕ್ಕೆ, 2002ರ ಹೊತ್ತಿಗೆ, ಬೇರೆ ಯಾವ ವಿಮೆಯೂ ಇಲ್ಲದ ಪ್ರತಿಯೊಬ್ಬರನ್ನೂ ಅವರು ತೆರಿಗೆ ಹಣದ ಯೋಜನೆಯೊಳಗೆ ತಂದರು. ಆಸ್ಪತ್ರೆಗೆ ಹೋದಾಗ ಕೊಡಬೇಕಿದ್ದದ್ದು 30 ಬಾತ್. ಅದಕ್ಕಿಂತ ಮೊದಲೇ ಹಲವು ವರ್ಷಗಳಿಂದ ಜಿಲ್ಲೆ ಜಿಲ್ಲೆಗೆ ಸರ್ಕಾರಿ ಆಸ್ಪತ್ರೆ ಕಟ್ಟಿಕೊಂಡು ಬಂದಿದ್ದರಿಂದ ಇದು ಸಾಧ್ಯವಾಯಿತು. ಕಾರ್ಡ್ ಕೊಡುವ ಮೊದಲು ಆಸ್ಪತ್ರೆ ಇರಬೇಕಲ್ಲ!

ನಮ್ಮ ಕರ್ನಾಟಕದಲ್ಲೂ ಟ್ರೆಡೆಗರ್ ನೆನಪಿಸುವ ಒಂದು ಪ್ರಯೋಗ ನಡೆಯಿತು. 2003ರಲ್ಲಿ ಶುರುವಾದ ಯಶಸ್ವಿನಿ ಯೋಜನೆಯಲ್ಲಿ ಸಹಕಾರ ಸಂಘಗಳ ರೈತರು ತಿಂಗಳಿಗೆ 5 ರೂಪಾಯಿಯಂತೆ ವರ್ಷಕ್ಕೆ 60 ರೂಪಾಯಿ ಕಟ್ಟಿ ಶಸ್ತ್ರಚಿಕಿತ್ಸೆಯ ರಕ್ಷಣೆ ಪಡೆದರು. ಹಾಲಿನ ಡೇರಿಯಲ್ಲಿ, ಸೊಸೈಟಿಯಲ್ಲಿ ಕಟ್ಟಿದ ಪುಡಿಗಾಸು ಸೇರಿ ಹೃದಯದ ಆಪರೇಷನ್ ಆಗುತ್ತಿತ್ತು. 2018ರಲ್ಲಿ ಆರೋಗ್ಯ ಕರ್ನಾಟಕ ಬಂತು. ಅದೇ ವರ್ಷ ಕುಟುಂಬಕ್ಕೆ 5 ಲಕ್ಷ ರೂಪಾಯಿಯವರೆಗಿನ ಆಯುಷ್ಮಾನ್ ಭಾರತ್ ಕೂಡ ಬಂತು. ಸರ್ಕಾರಿ ಲೆಕ್ಕದ ಪ್ರಕಾರ, ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ಜೇಬಿನಿಂದ ಕೊಡುವ ಪಾಲು 2013-14ರಲ್ಲಿ ಶೇ. 64 ಇದ್ದದ್ದು 2021-22ಕ್ಕೆ ಶೇ. 39ಕ್ಕೆ ಇಳಿದಿದೆ. ಇದು ಸಣ್ಣ ಮಾತಲ್ಲ. ಆದರೂ ನೂರು ರೂಪಾಯಿಯಲ್ಲಿ 39 ರೂಪಾಯಿ ಎಂದರೆ, ಯಾರದೋ ಕಿವಿಯ ಓಲೆ, ಯಾರದೋ ಹೊಲದ ತುಂಡು.

ನಾನು ಓದದಿದ್ದ ಬೋರ್ಡು

ನಮ್ಮ ಮನೆಗೆಲಸಕ್ಕೆ ಬರುವ ಅಕ್ಕ ಕಲಬುರಗಿ ಕಡೆಯವರು. ಇಪ್ಪತ್ತು ವರ್ಷಗಳ ಹಿಂದೆ ಕಟ್ಟಡದ ಕೆಲಸಕ್ಕೆಂದು ಪುಣೆಗೆ ಬಂದವರು. ಕಳೆದ ವರ್ಷ ಒಂದು ರಾತ್ರಿ ಫೋನ್ ಮಾಡಿದರು. ಮಗಳಿಗೆ ಹೆರಿಗೆ ನೋವು, ಮಗು ಅಡ್ಡ ಬಂದಿದೆ, ಆಪರೇಷನ್ ಆಗಬೇಕು.

"ಅಕ್ಕಾರ, ಮೊದ್ಲ ಮೂವತ್ ಸಾವ್ರ ಕಟ್ರಿ ಅಂತಾರ. ಕಟ್ಟಲಿಲ್ಲಂದ್ರ ಬ್ಯಾರೆ ಕಡಿ ಕರ್ಕೊಂಡ್ ಹೋಗ್ರಿ ಅಂತಾರ್ರಿ."

ರೇಷನ್ ಕಾರ್ಡ್ ಊರಿನದು. ಇಲ್ಲಿಯ ಯೋಜನೆಗೆ ಇಲ್ಲಿಯ ಕಾಗದ ಬೇಕು ಎಂದಿದ್ದರಂತೆ. ನಾನು ಓಡಿದೆ. ಆ ಆಸ್ಪತ್ರೆಯ ಮುಂದೆ ಎಂಟು ವರ್ಷಗಳಿಂದ ದಿನಾ ಹಾದುಹೋಗಿದ್ದೇನೆ. ಅಂದು ಕೌಂಟರಿನ ಮುಂದೆ ನಿಂತಾಗ ಮೊದಲ ಬಾರಿಗೆ ಗೋಡೆಯ ಮೇಲಿನ ಮರಾಠಿ ಬೋರ್ಡು ಓದಿದೆ: 'ಧರ್ಮಾದಾಯ ರುಗ್ಣಾಲಯ'. ಅಜ್ಜಿಯ ಮಾತು ಫಕ್ಕನೆ ನೆನಪಾಯಿತು. ಇದೂ ಧರ್ಮಾಸ್ಪತ್ರೆಯೇ!

ಮಹಾರಾಷ್ಟ್ರದಲ್ಲಿ ಟ್ರಸ್ಟ್ ಹೆಸರಿನಲ್ಲಿ ನಡೆಯುವ ದೊಡ್ಡ ಖಾಸಗಿ ಆಸ್ಪತ್ರೆಗಳಿಗೆ ಒಂದು ನಿಯಮವಿದೆ. ಅವು ಧರ್ಮಾದಾಯ ಆಯುಕ್ತರ ಕೈಕೆಳಗೆ ಬರುತ್ತವೆ. 2006ರಲ್ಲಿ ಬಾಂಬೆ ಹೈಕೋರ್ಟ್ ಒಪ್ಪಿದ ಯೋಜನೆಯಂತೆ, ನೂರರಲ್ಲಿ ಹತ್ತು ಹಾಸಿಗೆ ಕಡುಬಡವರಿಗೆ ಉಚಿತ, ಇನ್ನು ಹತ್ತು ಹಾಸಿಗೆ ದುರ್ಬಲ ವರ್ಗದವರಿಗೆ ರಿಯಾಯಿತಿ ದರದಲ್ಲಿ. ಅದಕ್ಕೆಂದು ಆಸ್ಪತ್ರೆ ತನ್ನ ಬಿಲ್ಲುಗಳ ಶೇ. 2ರಷ್ಟನ್ನು ಪ್ರತ್ಯೇಕ ನಿಧಿಗೆ ಹಾಕಬೇಕು. ತುರ್ತು ಸ್ಥಿತಿಯಲ್ಲಿ ಡೆಪಾಸಿಟ್ ಕೇಳದೆ ಮೊದಲು ಒಳಗೆ ಸೇರಿಸಿಕೊಳ್ಳಬೇಕು. ಇದನ್ನು ನಾನು ಆ ಕೌಂಟರಿನ ಪಕ್ಕದಲ್ಲೇ ನಿಂತು ಮೊಬೈಲಿನಲ್ಲಿ ಓದಿದೆ. ಸೋಷಿಯಲ್ ವರ್ಕರ್ ಎಲ್ಲಿ ಎಂದು ಕೇಳಿದೆ, ಧರ್ಮಾದಾಯ ಆಯುಕ್ತರ ಕಚೇರಿಗೆ ಬರೆಯುತ್ತೇನೆ ಎಂದೆ. ಹೆಚ್ಚು ಕೂಗಾಡಲಿಲ್ಲ. ಮುಕ್ಕಾಲು ಗಂಟೆಯ ಮೇಲೆ ಹುಡುಗಿಯನ್ನು ಒಳಗೆ ಕರೆದುಕೊಂಡರು. ಗಂಡುಮಗು, ಇಬ್ಬರೂ ಉಳಿದರು.

ಬೆಳಗಿನ ಜಾವ ಅಕ್ಕ ಹೊರಗೆ ಬಂದು ನನ್ನ ಕಾಲಿಗೆ ಕೈ ಹಚ್ಚಲು ಬಗ್ಗಿದರು. ನನಗೆ ತಡೆಯಲಾರದಷ್ಟು ನಾಚಿಕೆಯಾಯಿತು. ನಾನು ಕೊಟ್ಟದ್ದೇನೂ ಇರಲಿಲ್ಲ. ಹಾಸಿಗೆ ಅವರದೇ ಇತ್ತು. ಇದೆ ಎಂದು ಹೇಳುವವರು ಇರಲಿಲ್ಲ, ಅಷ್ಟೇ. ನನ್ನ ನಂಬರ್ ಇಲ್ಲದ ಇನ್ನೊಬ್ಬಳು ಅಂದು ಅದೇ ಕೌಂಟರಿಗೆ ಬಂದಿದ್ದರೆ?

ನಮ್ಮ ಸಾಫ್ಟ್‌ವೇರಿನಲ್ಲಿ 'ಡಿಫಾಲ್ಟ್' ಎಂಬ ಮಾತಿದೆ. ಯಾರೂ ಏನೂ ಹೇಳದಿದ್ದರೆ ಯಂತ್ರ ತಾನಾಗಿ ಏನು ಮಾಡುತ್ತದೋ ಅದು. ಕಾರ್ಡಿಫ್‌ನಲ್ಲಿ ಡಿಫಾಲ್ಟ್ ಎಂದರೆ ಚಿಕಿತ್ಸೆ. ಇಲ್ಲಿ ಡಿಫಾಲ್ಟ್ ಎಂದರೆ ಡೆಪಾಸಿಟ್. ಚಿಕಿತ್ಸೆ ಬೇಕಾದರೆ ಕಾರ್ಡು, ಕಾಗದ, ಭಾಷೆ, ಪರಿಚಯ ಎಲ್ಲವೂ ಬೇಕು. 1946ರ ಭೋರ್ ವರದಿಯ ಸೂತ್ರ ಇದನ್ನು ತಿರುಗಿಸಬೇಕೆಂದೇ ಕೇಳಿತ್ತು. 2017ರ ರಾಷ್ಟ್ರೀಯ ಆರೋಗ್ಯ ನೀತಿ 2025ರ ಹೊತ್ತಿಗೆ ಸರ್ಕಾರದ ಆರೋಗ್ಯ ವೆಚ್ಚವನ್ನು ಜಿಡಿಪಿಯ ಶೇ. 2.5ಕ್ಕೆ ಏರಿಸುವ ಗುರಿ ಇಟ್ಟಿತ್ತು. 2021-22ರಲ್ಲಿ ಅದು ಶೇ. 1.84 ಇತ್ತು. ಆ ದೊಡ್ಡ ಕೆಲಸ ಸರ್ಕಾರಗಳದು, ಅದನ್ನು ಕೇಳುವ ಬಾಯಿ ನಮ್ಮದು.

ಅಲ್ಲಿಯವರೆಗೆ ನಮ್ಮ ಮಹಿಳಾ ವೇದಿಕೆಯಿಂದ ಆಗುವ ಸಣ್ಣ ಕೆಲಸ ಒಂದಿದೆ. ನಮ್ಮ ಸುತ್ತಲಿನ ಧರ್ಮಾದಾಯ ಆಸ್ಪತ್ರೆಗಳು ಯಾವುವು, ಅಲ್ಲಿ ಯಾರನ್ನು ಕೇಳಬೇಕು, ಯಾವ ಕಾಗದ ಬೇಕು ಎಂಬುದನ್ನು ಕನ್ನಡದಲ್ಲಿ ಒಂದು ಪುಟದಲ್ಲಿ ಬರೆದು, ನಮ್ಮ ಮನೆಗಳಿಗೆ ಬರುವ ಅಕ್ಕಂದಿರ ಕೈಗೆ, ಕಟ್ಟಡ ಕೆಲಸದ ಶೆಡ್ಡುಗಳಿಗೆ ತಲುಪಿಸುವುದು. ನಾನು ಮೊದಲ ಕರಡು ಬರೆದಿದ್ದೇನೆ. ಓದಿ ತಿದ್ದುವವರು, ಮನೆಮನೆಗೆ ಹಂಚುವವರು ಬೇಕಾಗಿದ್ದಾರೆ.

ಅಜ್ಜಿ ಈಗಿಲ್ಲ. ಇದ್ದಿದ್ದರೆ ಅವರ ಪ್ರಶ್ನೆಗೆ ಈಗ ಉತ್ತರ ಹೇಳುತ್ತಿದ್ದೆ: ಅಜ್ಜಿ, ಅದು ಧರ್ಮಾಸ್ಪತ್ರೆ ಅಲ್ಲ. ಎಲ್ಲರೂ ವಂತಿಗೆ ಹಾಕಿ ಕಟ್ಟಿಕೊಂಡದ್ದು, ಹಾಗಾಗಿ ಯಾರೂ ಅಲ್ಲಿ ತಲೆ ತಗ್ಗಿಸಬೇಕಾಗಿಲ್ಲ.